ಫುಟ್‌ಪಾತ್‌ನಿಂದ ಬೀದಿ ವ್ಯಾಪಾರ ತೆರವಾಗಬೇಕೇ?

ಪರ

ಫುಟ್‌ಪಾತ್ ಇರುವುದು ನಡೆಯುವುದಕ್ಕೆ. ಇಷ್ಟನ್ನು ವಾದ ಮಾಡಿ ಗೆಲ್ಲಬೇಕಾಗಿ ಬಂದಿರುವುದೇ ನಾಚಿಕೆಗೇಡು. ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿಯಂತೆ ಕನಿಷ್ಠ 1.8 ಮೀಟರ್ ಅಗಲ ಖಾಲಿ ಇರಬೇಕು. ಗಾಡಿ, ಮುಂದೆ ನಿಂತ ಗಿರಾಕಿ, ಗಿರಾಕಿಯ ಸ್ಕೂಟರ್ ಇಷ್ಟೂ ಆದ ಮೇಲೆ ನಮಗೆ ಉಳಿಯುವುದು ಅಂಚಿನ ಕಲ್ಲು.

ನಮ್ಮ ಚಿಕ್ಕಪ್ಪನಿಗೆ ಕಣ್ಣು ಕಾಣಿಸುವುದಿಲ್ಲ. ಬಿಳಿ ಕೋಲು ಹಿಡಿದು ಒಬ್ಬರೇ ಓಡಾಡುವವರು. ನೆಲದ ಮೇಲಿನ ಬುಟ್ಟಿ, ಕಲ್ಲು, ಗುಂಡಿ ಕೋಲಿಗೆ ಸಿಗುತ್ತವೆ. ಟಾರ್ಪಾಲಿನ ಹಗ್ಗ ಸಿಗುವುದಿಲ್ಲ. ಗಾಡಿಯಿಂದ ಲೈಟ್ ಕಂಬಕ್ಕೆ ಬಿಗಿದಿದ್ದ ನೈಲಾನ್ ಹಗ್ಗ ಒಂದು ಸಂಜೆ ನೇರ ಅವರ ಕುತ್ತಿಗೆಗೇ ಸಿಕ್ಕಿತು. ಬಿದ್ದದ್ದು ರಸ್ತೆಯ ಕಡೆಗೆ. ಪುಣ್ಯಕ್ಕೆ ಹಿಂದಿದ್ದ ಆಟೊದವನು ಬ್ರೇಕ್ ಹಾಕಿದ. ಎತ್ತಿ ಕೂರಿಸಿ ನೀರು ಕೊಟ್ಟವನು ಆ ವ್ಯಾಪಾರಿಯೇ, ಸುಳ್ಳು ಹೇಳಲಾರೆ. ಆದರೆ ಮರುದಿನವೂ ಹಗ್ಗ ಅಲ್ಲೇ ಇತ್ತು. ಚಿಕ್ಕಪ್ಪ ಈಗ ಒಂದು ಕೈಯಲ್ಲಿ ಕೋಲು ಹಿಡಿದು, ಇನ್ನೊಂದನ್ನು ಮುಖದ ಮುಂದೆ ಚಾಚಿಕೊಂಡು ನಡೆಯುತ್ತಾರೆ.

ಬಡವರ ಹೊಟ್ಟೆಯ ಮೇಲೆ ಹೊಡೆಯುತ್ತೀರಾ ಅನ್ನುತ್ತಾರೆ. ನಡೆಯುವವರೇನು ಸಾಹುಕಾರರೇ? ಅಡೆತಡೆಯಿಲ್ಲದ ಫುಟ್‌ಪಾತ್ ಸಂವಿಧಾನದ 21ನೇ ವಿಧಿ ಕೊಡುವ ಜೀವಿಸುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2025ರಲ್ಲಿ ಹೇಳಿದೆ. ಅಂಗಡಿಯವರು ಮುಂದಕ್ಕೆ ಚಾಚಿದ ಕಟ್ಟೆ, ಹತ್ತಿಸಿ ನಿಲ್ಲಿಸಿದ ಕಾರು, ಅವೆಲ್ಲ ಬೇರೆ ವಿಷಯ. ಇನ್ನೊಂದು ದಿನ ಮಾತಾಡೋಣ.

ವಿರೋಧ

ನನ್ನ ಪಾಲಿಗೆ ಬಂದ ಪಕ್ಷ ಇದು. ಇಡೀ ಫುಟ್‌ಪಾತನ್ನು ವ್ಯಾಪಾರಿಗಳಿಗೇ ಬಿಡಿ ಎನ್ನುವ ಧೈರ್ಯ ನನಗೂ ಇಲ್ಲ. ಆದರೆ 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಅಂತ ಒಂದಿದೆ. ವ್ಯಾಪಾರಿಗಳ ಸಮೀಕ್ಷೆ ಮುಗಿದು ಅವರಿಗೆ ವ್ಯಾಪಾರದ ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಆಮೇಲೂ 30 ದಿನಗಳ ನೋಟಿಸ್ ಬೇಕು. ಬೀದಿ ವ್ಯಾಪಾರದ ಉಸ್ತುವಾರಿಗೆಂದು ಇದೇ ಕಾಯ್ದೆಯಡಿ ರಚಿಸುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಮಂದಿ ವ್ಯಾಪಾರಿಗಳ ಪ್ರತಿನಿಧಿಗಳಾಗಿರಬೇಕು. ಬೆಳ್ಳಂಬೆಳಿಗ್ಗೆ ಜೆಸಿಬಿ ತರುವವರು ಇದರಲ್ಲಿ ಯಾವುದನ್ನು ಪಾಲಿಸುತ್ತಾರೆ?

ಹಗ್ಗದ ವಿಷಯಕ್ಕೆ ಬಂದರೆ, ಎತ್ತರಕ್ಕೆ ಕಟ್ಟಿಸಿದರಾಯಿತು. ಅದಕ್ಕೆ ಗಾಡಿಯನ್ನೇ ಲಾರಿಗೆ ತುಂಬಬೇಕೇ? ಕಾರು ನಿಂತರೆ ದಂಡ, ಗಾಡಿ ನಿಂತರೆ ಜಪ್ತಿ. ಬೀದಿಬದಿ ವ್ಯಾಪಾರವೂ ಮೂಲಭೂತ ಹಕ್ಕು ಎಂದು ಇದೇ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿತ್ತು. ನಿರ್ಬಂಧಗಳಿಗೆ ಒಳಪಟ್ಟು ಎಂದೂ ಸೇರಿಸಿತ್ತು. ಆ ಸಾಲನ್ನು ನಮ್ಮ ಕಡೆಯವರು ಅಷ್ಟಾಗಿ ಓದುವುದಿಲ್ಲ.

ಜಾಗ ಗುರುತಿಸಿ ಗೆರೆ ಎಳೆದು ಕೊಡಲಿ. ಗೆರೆ ದಾಟಿದವರನ್ನು ಎಬ್ಬಿಸಿದರೆ ನಾನು ಅಡ್ಡ ಬರುವುದಿಲ್ಲ.