ಒಂದು ಫಿಲ್ಟರ್, ಹದಿನಾಲ್ಕು ಕೈ

ಆ ಫೋಟೋ ನೀವೂ ನೋಡಿರುತ್ತೀರಿ. ಜೂನ್ ಕೊನೆಯ ವಾರ, ಪೇಪರಿನ ಒಳಪುಟ, ಬಲಗಡೆ ಕೆಳಗೆ. ಸರ್ಕಾರಿ ಶಾಲೆಯ ಜಗಲಿ, ನಡುವೆ ಒಂದು ವಾಟರ್ ಫಿಲ್ಟರ್, ಅದರ ಸುತ್ತ ನಮ್ಮ ಉಡುಪಿಯ ಒಂದು ಸೇವಾ ಕ್ಲಬ್ಬು. ನಾನು ಕನ್ನಡಕ ಒರೆಸಿಕೊಂಡು ಎಣಿಸಿದೆ. ಫಿಲ್ಟರಿನ ಮೇಲೆ ಒಟ್ಟು ಹದಿನಾಲ್ಕು ಕೈ. ಅದರಲ್ಲಿ ಒಂದು ಯಾರದ್ದು ಅಂತ ಇವತ್ತಿಗೂ ಗೊತ್ತಾಗಿಲ್ಲ. ಹಿಂದಿನ ಸಾಲಿನಿಂದ, ಇಬ್ಬರ ಭುಜದ ಸಂದಿಯಲ್ಲಿ ನುಗ್ಗಿ ಬಂದು, ಮುಚ್ಚಳವನ್ನು ಎರಡು ಬೆರಳಲ್ಲಿ ಮುಟ್ಟಿದೆ. ಮುಖ ಇಲ್ಲ. ಉಂಗುರ ಉಂಟು.

ಆ ಫಿಲ್ಟರನ್ನು ಎತ್ತಲು ಒಬ್ಬ ಸಾಕು. ಶಾಲೆಯ ಎದುರು ಇಳಿಸಿದವನೂ ಒಬ್ಬನೇ, ರಿಕ್ಷಾದವ. ಅವನು ಫೋಟೋದಲ್ಲಿ ಇಲ್ಲ.

ಕ್ಲಬ್ಬಿನ ಹೆಸರು ಹೇಳುವುದಿಲ್ಲ. ಚಕ್ರದ ಗುರುತಿನ ರೋಟರಿಯಾ, ಸಿಂಹದ ಗುರುತಿನ ಲಯನ್ಸಾ ಅಂತಲೂ ಕೇಳಬೇಡಿ. ಅದರ ಕಾರ್ಯದರ್ಶಿ ನಮ್ಮ ಪಕ್ಕದ ಮನೆಯವರು. ಒಳ್ಳೆ ಮನುಷ್ಯ. ನಮ್ಮ ಪಂಪು ಕೆಟ್ಟಾಗ ಅವರ ಬಾವಿಯಿಂದ ಪೈಪ್ ಎಳೆಯಲು ಬಿಟ್ಟವರು. ಆ ಋಣದ ಮೇಲೆಯೇ ನನ್ನ ನಂಬರನ್ನು ಕ್ಲಬ್ಬಿನ ವಾಟ್ಸಾಪ್ ಗ್ರೂಪಿಗೆ ಸೇರಿಸಿದ್ದಾರೆ. ನಾನು ಸದಸ್ಯ ಅಲ್ಲ, ‘ಹಿತೈಷಿ’ ಅಂತೆ. ಅಂದಿನಿಂದ ಪ್ರತಿ ವಾರ ಕ್ಲಬ್ಬಿನ ವಾರಪತ್ರಿಕೆ ತಪ್ಪದೆ ಬರುತ್ತದೆ.

ಎಂಟು ಪುಟದ ಪಿಡಿಎಫ್. ಮೊದಲ ಪುಟದಲ್ಲಿ ಅಧ್ಯಕ್ಷರ ಫೋಟೋ. ಎರಡರಲ್ಲಿ ಅಧ್ಯಕ್ಷರ ಮಾತು. ಮೂರರಲ್ಲಿ ಕಾರ್ಯದರ್ಶಿಯ ವರದಿ, ಅಂದರೆ ಅಧ್ಯಕ್ಷರು ಎಲ್ಲೆಲ್ಲಿ ಹೋದರು ಅಂತ. ಆಮೇಲೆ ಈ ವಾರ ಹುಟ್ಟಿದವರು, ಈ ವಾರ ಮದುವೆಯಾದವರು. ಕೊನೆಗೆ ಹೋದ ವಾರದ ಕಾರ್ಯಕ್ರಮದ ಹನ್ನೆರಡು ಫೋಟೋ. ಹನ್ನೆರಡರಲ್ಲೂ ಒಬ್ಬರು ಇನ್ನೊಬ್ಬರಿಗೆ ಏನೋ ಕೊಡುತ್ತಿದ್ದಾರೆ, ಇಬ್ಬರೂ ಕ್ಯಾಮೆರಾ ನೋಡುತ್ತಿದ್ದಾರೆ. ಕೊಡುತ್ತಿರುವುದು ಎಂತ ಅಂತ ಗೊತ್ತಾಗಬೇಕಾದರೆ ಕೆಳಗಿನ ಸಾಲು ಓದಬೇಕು.

ಹಾಜರಾತಿಯ ಲೆಕ್ಕವೂ ಇರುತ್ತದೆ. ವಾರದ ಮೀಟಿಂಗ್ ತಪ್ಪಿದರೆ ಬೇರೆ ಊರಿನ ಕ್ಲಬ್ಬಿಗೆ ಹೋಗಿ ಕೂತು ಬಂದರಾಯ್ತು, ಹಾಜರಿ ಭರ್ತಿ. ಇದಕ್ಕೆ ಮೇಕಪ್ ಅಂತ ಹೆಸರು. ಒಂದು ಸಂಜೆ ನೆರೆಯವರು ಸಫಾರಿ ಹಾಕಿಕೊಂಡು ಗೇಟಿನಲ್ಲಿ ನಿಂತು, “ಮಾಷ್ಟ್ರೆ, ಇವತ್ತು ಮೇಕಪ್ಪಿಗೆ ಕಾರ್ಕಳಕ್ಕೆ ಹೋಗ್ಲಿಕ್ಕುಂಟು” ಅಂದರು. ನಮ್ಮ ಮನೆಯವಳು ಒಳಗಿಂದ ಕೇಳಿಸಿಕೊಂಡು, “ಇವರದ್ದು ರಾಜವೇಷವಾ, ಬಣ್ಣದ ವೇಷವಾ?” ಅಂತ ಕೇಳಿದಳು.

ಮೀಟಿಂಗಿನ ವಾರ ಯಾವುದು ಅನ್ನುವುದೂ ಸಣ್ಣ ವಿಷಯ ಅಲ್ಲ. ಸೋಮವಾರ ಶಿವನದ್ದು, ಅರ್ಧ ಜನ ಮೀನು ಮುಟ್ಟುವುದಿಲ್ಲ. ಗುರುವಾರ ರಾಯರದ್ದು. ಶನಿವಾರ ಯಾರದ್ದು ಅಂತ ಹೇಳಬೇಕಾಗಿಲ್ಲ. ಶುಕ್ರವಾರ ಕೆಲವರ ಮನೆಯಲ್ಲಿ ಹೆಂಗಸರ ಕಟ್ಟುನಿಟ್ಟು. ಉಳಿದದ್ದು ಮಂಗಳವಾರ, ಬುಧವಾರ. ಸೇವೆ ಮಾಡಲು ಯಾವ ದಿನವಾದರೂ ಆದೀತು, ಫೆಲೋಶಿಪ್ಪಿಗೆ ಆಗಬೇಕಲ್ಲ? ಫೆಲೋಶಿಪ್ ಅಂದರೆ ಸಭೆ ಮುಗಿದ ಮೇಲಿನ ಊಟ. ಕೋರಿ ರೊಟ್ಟಿ, ನೀರುದೋಸೆ, ಸುಕ್ಕ. ಒಂದು ಮಂಗಳವಾರ ನಾನೂ ಹೋಗಿದ್ದೆ. ‘ಒತ್ತಡ ನಿರ್ವಹಣೆ’ ಕುರಿತು ಉಪನ್ಯಾಸ ಇತ್ತು. ಉಪನ್ಯಾಸಕರು ಕಣ್ಣು ಮುಚ್ಚಿ ದೀರ್ಘವಾಗಿ ಉಸಿರು ಎಳೆಯಿರಿ ಅಂದರು. ಪಕ್ಕದ ಹಾಲಿನಿಂದ ಸುಕ್ಕದ ಪರಿಮಳ ಬರುತ್ತಿತ್ತು. ಅಷ್ಟು ಮನಸ್ಸಿಟ್ಟು ಉಸಿರೆಳೆದ ಸಭೆಯನ್ನು ನಾನು ಬೇರೆಲ್ಲೂ ನೋಡಿಲ್ಲ.

ಪದವಿಗಳ ಬಗ್ಗೆ ಒಂದು ಮಾತು. ನಿಕಟಪೂರ್ವ ಅಧ್ಯಕ್ಷರು, ನಿಯೋಜಿತ ಅಧ್ಯಕ್ಷರು, ಸಹಾಯಕ ಗವರ್ನರ್, ವಲಯ ಸೇನಾನಿ. ಸೇನಾನಿ! ಮೊದಲ ಸಲ ಈ ಶಬ್ದ ಓದಿದಾಗ ಮಲ್ಪೆಗೆ ಯಾರೋ ಹಡಗಿನಲ್ಲಿ ಬಂದಿಳಿದರು ಅಂದುಕೊಂಡಿದ್ದೆ. ಸಿಂಹದವರಲ್ಲಿ ಇನ್ನೂ ಚಂದ ಉಂಟು. ಅಲ್ಲಿ ‘ಲಯನ್ ಟೇಮರ್’ ಅಂತ ಒಬ್ಬರು, ಸಿಂಹವನ್ನು ಪಳಗಿಸುವವರು. ‘ಟೇಲ್ ಟ್ವಿಸ್ಟರ್’ ಅಂತ ಇನ್ನೊಬ್ಬರು, ಬಾಲ ತಿರುಚುವವರು. ಟೈ ಕಟ್ಟಲಿಲ್ಲ, ಪಿನ್ ಹಾಕಲಿಲ್ಲ ಅಂತ ಸದಸ್ಯರಿಗೆ ತಮಾಷೆಯ ದಂಡ ಹಾಕಿ ದುಡ್ಡು ಎತ್ತುವುದು ಇವರ ಕೆಲಸ. 1917ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಸಂಸ್ಥೆ. ಅಲ್ಲಿಯವರಿಗೆ ಇದು ತಮಾಷೆ ಇರಬಹುದು. ನಮ್ಮದು ಅಷ್ಟಮಿಗೆ ಹುಲಿ ಕುಣಿಯುವ ಊರು. ವಿಟ್ಲಪಿಂಡಿಯ ದಿನ ರಥಬೀದಿಯಲ್ಲಿ ತಾಸೆಯ ಪೆಟ್ಟಿಗೆ ಕುಣಿಯುತ್ತಿರುವ ಹುಲಿಯ ಬಾಲ ತಿರುಚಿ ದಂಡ ಕೇಳಿ ನೋಡುವ, ಆಮೇಲೆ ಯಾರು ಯಾರಿಗೆ ಕಟ್ಟುತ್ತಾರೆ ಅಂತ ಗೊತ್ತಾಗುತ್ತದೆ.

ಚಕ್ರದವರದ್ದು ಇನ್ನೂ ಹಳೆಯದು. 1905ರ ಫೆಬ್ರವರಿ 23, ಶಿಕಾಗೋ. ಪಾಲ್ ಹ್ಯಾರಿಸ್ ಎಂಬ ವಕೀಲ ಮತ್ತು ಮೂವರು ಗೆಳೆಯರು ಒಂದು ಆಫೀಸಿನಲ್ಲಿ ಕೂತು ಮಾತಾಡಿದರು. ಮುಂದೆ ಸರದಿಯಂತೆ ಒಬ್ಬೊಬ್ಬರ ಆಫೀಸಿನಲ್ಲಿ ಸೇರಿದರು, ಅದಕ್ಕೇ ರೋಟರಿ ಅಂತ ಹೆಸರು. ಪಾಪ, ನಾಲ್ಕೇ ಜನ. ಅಧ್ಯಕ್ಷತೆಗೆ ಒಬ್ಬ, ಸ್ವಾಗತಕ್ಕೆ ಒಬ್ಬ, ನಿರೂಪಣೆಗೆ ಒಬ್ಬ, ಧನ್ಯವಾದಕ್ಕೆ ಒಬ್ಬ. ಪ್ರಾರ್ಥನೆಗೆ ಜನವೇ ಇಲ್ಲ! ಅಂಥ ಸಭೆಯ ವರದಿ ಇವತ್ತು ನಮ್ಮ ಯಾವ ಪೇಪರಿಗೆ ಕಳಿಸಿದರೂ ‘ಅಪೂರ್ಣ’ ಅಂತ ವಾಪಸ್ ಬಂದೀತು.

ಯಾಕೆಂದರೆ ನಮ್ಮ ಕರಾವಳಿಯ ವರದಿಗೆ ಅದರದ್ದೇ ವ್ಯಾಕರಣ ಉಂಟು. ಪ್ರಾರ್ಥನೆಗೈದರು. ಸ್ವಾಗತಿಸಿದರು. ಪ್ರಾಸ್ತಾವಿಕವಾಗಿ ಮಾತನಾಡಿದರು. ನಿರೂಪಿಸಿದರು. ವಂದಿಸಿದರು. ಇದ್ಯಾವುದೂ ಮಾಡದವರು ‘ಉಪಸ್ಥಿತರಿದ್ದರು’. ವೇದಿಕೆಯಲ್ಲಿ ನಿದ್ದೆ ಮಾಡಿದವರೂ ಉಪಸ್ಥಿತರೇ. ಕುರ್ಚಿ ಹಾಕಿ, ಮೈಕ್ ಹಿಡಿದು, ಕೊನೆಗೆ ಎಲೆ ಎತ್ತಿದವರು ‘ಸಹಕರಿಸಿದರು’, ಅದೂ ಜಾಗ ಉಳಿದರೆ. ಒಂದು ಹೆಸರು ಬಿಟ್ಟುಹೋದರೆ ಮರುದಿನ ಬೆಳಗ್ಗೆ ಆರಕ್ಕೆ ಕಾರ್ಯದರ್ಶಿಗೆ ಫೋನು. ಒಮ್ಮೆ ನೆರೆಯವರು ಹಲ್ಲುಜ್ಜುವ ಬ್ರಷ್ ಬಾಯಲ್ಲಿಟ್ಟುಕೊಂಡೇ ಅರ್ಧ ಗಂಟೆ ಕ್ಷಮೆ ಕೇಳಿದ್ದನ್ನು ನಾನು ಕಾಂಪೌಂಡಿನ ಈಚೆಯಿಂದ ನೋಡಿದ್ದೇನೆ. ನೊರೆ ಗಲ್ಲದಿಂದ ಇಳಿಯುತ್ತಿತ್ತು.

ಇವರ ವರ್ಷ ಜುಲೈ 1ಕ್ಕೆ ಶುರುವಾಗಿ ಜೂನ್ 30ಕ್ಕೆ ಮುಗಿಯುತ್ತದೆ. ಹಾಗಾಗಿ ಜೂನ್ ಕೊನೆಯ ವಾರ ಅಂದರೆ ಸರ್ಕಾರಿ ಆಫೀಸಿನ ಮಾರ್ಚ್ ಕೊನೆಯ ವಾರ ಇದ್ದ ಹಾಗೆ. ಉಳಿದ ಪ್ರಾಜೆಕ್ಟ್ ಎಲ್ಲ ಆಗಬೇಕು. ಫಿಲ್ಟರ್ ಬಂದದ್ದೂ ಆಗಲೇ. ಇನ್ನು ಜುಲೈ 1 ಅಂದರೆ ಹೊಸ ಅಧ್ಯಕ್ಷರಿಗೆ ಹಬ್ಬ. ಅವತ್ತು ವೈದ್ಯರ ದಿನ, ಒಬ್ಬ ಡಾಕ್ಟರಿಗೆ ಶಾಲು. ಲೆಕ್ಕಪರಿಶೋಧಕರ ದಿನವೂ ಅವತ್ತೇ, ಒಬ್ಬ ಸಿಎಗೆ ಶಾಲು. ಪತ್ರಿಕಾ ದಿನವೂ ಅವತ್ತೇ, ಒಬ್ಬ ವರದಿಗಾರನಿಗೆ ಶಾಲು. 1843ರ ಜುಲೈ 1ರಂದು ಮಂಗಳೂರಿನಲ್ಲಿ ಮೋಗ್ಲಿಂಗ್ ಪಾದ್ರಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಡಿಸಿದ ನೆನಪಿಗೆ. ಅದನ್ನು ಕಲ್ಲಚ್ಚಿನಲ್ಲಿ ಅಚ್ಚು ಹಾಕುತ್ತಿದ್ದರು. ಉಪಸ್ಥಿತರಿದ್ದವರ ಹೆಸರನ್ನೆಲ್ಲ ಕಲ್ಲಿನ ಮೇಲೆ ಬರೆಸಬೇಕಾಗಿ ಬಂದಿದ್ದರೆ ಆ ಪಾದ್ರಿ ಎರಡನೇ ಸಂಚಿಕೆಗೆ ಕೈಮುಗಿದು ಜರ್ಮನಿಗೆ ವಾಪಸ್ ಹೋಗುತ್ತಿದ್ದರು.

ಅದೇ ವಾರ ವನಮಹೋತ್ಸವ. 1950ರಲ್ಲಿ ಕೆ.ಎಂ. ಮುನ್ಶಿ ಶುರು ಮಾಡಿದ್ದು. ವರ್ಷಕ್ಕೆ ಹತ್ತಿರ ಹತ್ತಿರ 4,000 ಮಿಲಿಮೀಟರ್ ಮಳೆ ಬೀಳುವ ನಮ್ಮ ಊರಲ್ಲಿ ಬೇಲಿಗೆ ಗೂಟ ಹೊಡೆದರೂ ಚಿಗುರುತ್ತದೆ. ಅಂಥ ಮಣ್ಣಿನಲ್ಲಿ, ಕೊಡೆ ಹಿಡಿದು ನಿಂತು, ಪ್ಲಾಸ್ಟಿಕ್ ಕೊಡಪಾನದಿಂದ ಗಿಡಕ್ಕೆ ನೀರು ಹಾಕುತ್ತಾರೆ. ಜಡಿಮಳೆಯಲ್ಲಿ. ಇದನ್ನು ತಮಾಷೆಗೆ ಹೇಳುತ್ತಿಲ್ಲ, ವಾರಪತ್ರಿಕೆಯ ಏಳನೇ ಪುಟದಲ್ಲಿ ಫೋಟೋ ಉಂಟು.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಿರುತ್ತಿದ್ದೆ. ಯಾರೋ ಶಾಲು ಹೊದೆಸಿದರು, ಯಾರೋ ಹೊದ್ದುಕೊಂಡರು, ನನ್ನದೆಂತ ಹೋಗುತ್ತದೆ?

ಆದರೆ ಆ ಆದಿತ್ಯವಾರದ ಶಿಬಿರ ತಲೆಯಿಂದ ಹೋಗುತ್ತಿಲ್ಲ. ಉಚಿತ ಮಧುಮೇಹ ತಪಾಸಣೆ. ಬೆಳಗ್ಗೆ ಎಂಟೂವರೆಗೆ, ‘ಖಾಲಿ ಹೊಟ್ಟೆಯಲ್ಲಿ ಬರತಕ್ಕದ್ದು’ ಅಂತ ಬ್ಯಾನರಿನಲ್ಲಿ ದಪ್ಪಕ್ಷರ. ಎಂಟು ಗಂಟೆಗೇ ನಲವತ್ತು ಜನ ಬಂದು ಕೂತಿದ್ದರು, ಹೆಚ್ಚಿನವರು ವಯಸ್ಸಾದವರು. ಸೂಜಿ ಚುಚ್ಚುವ ಹುಡುಗಿಯರಿಬ್ಬರು ಮೇಜು ಹಾಕಿ ಕಾಯುತ್ತಿದ್ದರು. ಯಂತ್ರ ಇತ್ತು, ಪಟ್ಟಿ ಇತ್ತು, ಹತ್ತಿ ಇತ್ತು. ಉದ್ಘಾಟಕರು ಇರಲಿಲ್ಲ. ಉದ್ಘಾಟನೆ ಆಗದೆ ರಕ್ತ ತೆಗೆಯುವ ಹಾಗಿಲ್ಲ ಅಂತೆ. ಅವರು ಬಂದದ್ದು ಹತ್ತೂ ಹತ್ತಕ್ಕೆ. ದೀಪಕ್ಕೆ ಗಾಳಿ, ನಾಲ್ಕು ಸಲ ನಂದಿತು. ಆಮೇಲೆ ಪ್ರಾರ್ಥನೆ, ಸ್ವಾಗತ, ಹೂಗುಚ್ಛ, ಪ್ರಸ್ತಾವನೆ. ನನ್ನ ಎದುರಿನ ಸಾಲಿನಲ್ಲಿ ಒಬ್ಬರು ಅಜ್ಜಿ. ತೊಡೆಯ ಮೇಲೆ ಪೇಪರಿನ ಪೊಟ್ಟಣ, ಎಣ್ಣೆ ಹೊರಗೆ ಬಂದಿತ್ತು. ಎರಡು ಬನ್ಸ್. ಪರೀಕ್ಷೆ ಆದಕೂಡಲೇ ತಿನ್ನಲು ಮನೆಯಿಂದ ತಂದದ್ದು. ಹತ್ತೂವರೆ ಹೊತ್ತಿಗೆ ಅವರ ಕೈ ನಡುಗಲು ಶುರುವಾಯಿತು. ಪಕ್ಕದ ಹುಡುಗನ ಹತ್ತಿರ, “ಇನ್ನು ತಿನ್ನಬಹುದಾ ಮಗಾ?” ಅಂತ ಕೇಳಿದರು. ಅವನು, “ಈಗ ಮುಗೀತದೆ ಅಜ್ಜಿ, ಸ್ವಲ್ಪ ಕೂತ್ಕೊಳ್ಳಿ” ಅಂದ.

ವೇದಿಕೆಯಲ್ಲಿ ಹನ್ನೊಂದು ಜನ. ಎಲ್ಲರೂ ತಿಂಡಿ ತಿಂದು ಬಂದವರು. ನಾನೂ ಅದರಲ್ಲಿ ಒಬ್ಬ. ‘ಹಿತೈಷಿ’ ಅಂತ ಕೂರಿಸಿದ್ದರು, ಎರಡು ಮಾತು ಆಡಿ ಅಂದರು, ಏಳು ನಿಮಿಷ ಆಡಿದೆ. ಸಕ್ಕರೆ ಕಾಯಿಲೆಯವರನ್ನು ಹೊತ್ತೇರುವವರೆಗೆ ಉಪವಾಸ ಕೂರಿಸಿ ಅವರ ಎದುರು ಸೇವೆಯೇ ಪರಮಧರ್ಮ ಅಂತ ಭಾಷಣ. ನಾಚಿಕೆ ಆಗಬೇಕಿತ್ತು ನಮಗೆ. ಆಗಲಿಲ್ಲ. ಅಜ್ಜಿ ಕೊನೆಗೆ ಯಾರನ್ನೂ ಕೇಳದೆ ಪೊಟ್ಟಣ ಬಿಚ್ಚಿ ತಿಂದರು, ಪರೀಕ್ಷೆ ಮಾಡಿಸದೆ ಎದ್ದು ಹೋದರು. ಮಂಗಳವಾರದ ವಾರಪತ್ರಿಕೆಯಲ್ಲಿ ಫಲಾನುಭವಿಗಳ ಲೆಕ್ಕಕ್ಕೆ ಅವರೂ ಸೇರಿದ್ದಾರೆ. ಹೆಸರು ಬರೆಸಿದ್ದರಲ್ಲ.

ಇದೇ ಜಾತಿಯ ಕ್ಲಬ್ಬಿನವರು ಬೇರೆ ಕೆಲಸ ಮಾಡಿದ್ದೂ ಉಂಟು, ಅದನ್ನು ಮುಚ್ಚಿಡುವುದು ತಪ್ಪು. ಪೋಲಿಯೊ ಓಡಿಸುತ್ತೇವೆ ಅಂತ ರೋಟರಿಯವರು 1985ರಲ್ಲಿ ಹೊರಟಾಗ ಅದು ಆಗುವ ಮಾತಾ ಅಂತ ನಕ್ಕವರೇ ಜಾಸ್ತಿ ಇದ್ದಿರಬೇಕು. ನಮ್ಮ ದೇಶದಲ್ಲಿ ಕೊನೆಯ ಕೇಸು 2011ರ ಜನವರಿಯಲ್ಲಿ, ಹೌರಾದ ಒಂದು ಪುಟ್ಟ ಹುಡುಗಿಗೆ. 2014ರ ಮಾರ್ಚಿನಲ್ಲಿ ಪೋಲಿಯೊ ಮುಕ್ತ ಅಂತ ಸರ್ಟಿಫಿಕೇಟು ಸಿಕ್ಕಿತು. ಆಗೆಲ್ಲ ನಮ್ಮ ಶಾಲೆಯೇ ಬೂತ್. ಐಸ್ ತುಂಬಿದ ಡಬ್ಬಿ ಹಿಡಿದು ಮನೆಮನೆಗೆ ಹೋದ ಅಂಗನವಾಡಿಯವರ ಜೊತೆ ಕ್ಲಬ್ಬಿನ ನಾಲ್ಕು ಜನ ಬಿಸಿಲಲ್ಲಿ ನಡೆದದ್ದನ್ನು ನಾನು ಕಂಡಿದ್ದೇನೆ. ಮಗುವಿನ ಬಾಯಿಗೆ ಎರಡು ಹನಿ. ಹದಿನಾಲ್ಕು ಕೈ ಹಾಕಲು ಅಲ್ಲಿ ಜಾಗವೂ ಇರಲಿಲ್ಲ.

ಈಗ ಫಿಲ್ಟರಿನ ಕಥೆ. ಆ ಶಾಲೆಯ ಹೆಡ್ ಟೀಚರ್ ನನ್ನ ಕೈಯಲ್ಲಿ ಕಲಿತವರು. ಮೊನ್ನೆ ಆ ದಾರಿಯಲ್ಲಿ ಹೋದಾಗ ನೋಡಿ ಬರುವ ಅಂತ ಒಳಗೆ ಹೊಕ್ಕೆ. ಜಗಲಿಯ ಗೋಡೆಯಲ್ಲಿ ಕಪ್ಪು ಗ್ರಾನೈಟಿನ ಫಲಕ. ‘ಕೊಡುಗೆ’ ಅಂತ ಚಿನ್ನದ ಬಣ್ಣದಲ್ಲಿ ಬರೆದು, ಕೆಳಗೆ ಅಧ್ಯಕ್ಷರಿಂದ ಸೇನಾನಿಯವರೆಗೆ ಎಲ್ಲರ ಹೆಸರು. ಮಕ್ಕಳು ಅದರ ಅಡಿಯಲ್ಲಿ ಸಾಲಾಗಿ ಕೂತು ಬಾಟ್ಲಿಯ ನೀರು ಕುಡಿಯುತ್ತಿದ್ದರು.

“ಫಿಲ್ಟರ್ ಎಲ್ಲಿ?” ಅಂದೆ.

ಅದು ಸ್ಟಾಫ್ ರೂಮಿನ ಕಪಾಟಿನ ಮೇಲಿತ್ತು. ಪೆಟ್ಟಿಗೆಯಲ್ಲಿ. ಫೋಟೋ ಆದಮೇಲೆ ವಾಪಸ್ ಥರ್ಮಾಕೋಲಿನೊಳಗೆ ಇಟ್ಟದ್ದು ಹಾಗೇ ಉಂಟು.

“ಪ್ಲಗ್ ಪಾಯಿಂಟ್ ಇಲ್ಲ ಸರ್” ಅಂದರು ಟೀಚರ್. “ನಾನೇ ದುಡ್ಡು ಕೊಡ್ತೇನೆ ಅಂತ ಇಲೆಕ್ಟ್ರಿಷಿಯನ್‌ನ ಕರೆಸಿದೆ. ವಯರು ಹೋಗುವುದು ಆ ಗೋಡೆಯಲ್ಲಿ ಮಾತ್ರ, ನೀರಿನ ಪೈಪೂ ಅಲ್ಲೇ. ಬೋರ್ಡು ತೆಗೆದರೆ ಅರ್ಧ ಗಂಟೆಯ ಕೆಲಸ ಅಂದ.”

“ತೆಗೆಸಿಬಿಡಿ.”

“ತೆಗೆಯುವಾಗ ಗ್ರಾನೈಟು ಒಡೆದರೆ ಸರ್? ಕೇಳುವ ಅಂತ ಕ್ಲಬ್ಬಿಗೆ ಫೋನ್ ಮಾಡಿದ್ದೆ. ಅಧ್ಯಕ್ಷರು ಬದಲಾಗಿದ್ದಾರೆ. ಅದು ಹೋದ ವರ್ಷದವರ ಪ್ರಾಜೆಕ್ಟು, ಅವರನ್ನೇ ಕೇಳಿ ಅಂದರು. ಹೋದ ವರ್ಷದವರು, ಈಗ ನನಗೆ ಅಧಿಕಾರ ಇಲ್ಲ, ಈ ವರ್ಷದವರನ್ನು ಕೇಳಿ ಅಂದರು.” ಟೀಚರ್ ಬಾಗಿಲ ಕಡೆ ಒಮ್ಮೆ ನೋಡಿ ಸ್ವರ ತಗ್ಗಿಸಿದರು. “ನಿಮ್ಮ ನೆರೆಯವರು ಅಲ್ವಾ ಸರ್ ಸೆಕ್ರೆಟರಿ? ನೀವು ಒಂದು ಮಾತು ಹೇಳಿದರೆ ಆಗ್ತಿತ್ತೋ ಏನೋ.”

ಅವತ್ತು ಸಂಜೆಯೇ ಕಾಂಪೌಂಡಿನ ಹತ್ತಿರ ಹೋದೆ. ಮನೆಗೆ ಬೀಗ. ಮಂಗಳವಾರ.