ಪ್ರೀಮಿಯಂ ಬಾಂಡ್: ಅಸಲು ಎಲ್ಲೂ ಹೋಗಲ್ಲ, ಸರಿ. ಬಡ್ಡಿ ಎಲ್ಲಿ ಹೋಯಿತು?

ಮೊನ್ನೆ ನಮ್ಮ ರೆಡಿಂಗ್‌ನ ದೀಪಾವಳಿ ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದೆ. ಹಿಂದಿನಿಂದ ಒಬ್ಬ ಹುಡುಗ ಕೇಳಿದ. "ಸಾರ್, ನೀವು ಪ್ರೀಮಿಯಂ ಬಾಂಡ್ ಇಟ್ಟಿದೀರಂತೆ, ಹಾಕಬಹುದಾ?" ಇಂಗ್ಲೆಂಡಿಗೆ ಬಂದು ಎರಡು ವರ್ಷ ಆಗಿದೆಯಂತೆ. ಕೈಯಲ್ಲಿ 4,000 ಪೌಂಡ್ ಉಳಿದಿದೆಯಂತೆ. ಆಫೀಸಿನಲ್ಲಿ ಎಲ್ಲರೂ ಹಾಕಿದ್ದಾರಂತೆ. "ಅಸಲು ಎಲ್ಲೂ ಹೋಗಲ್ಲ, ಹೊಡೆದರೆ ಮಿಲಿಯನ್ ಅಲ್ವಾ ಸಾರ್?" ಅಷ್ಟರಲ್ಲಿ ಬಿಸಿಬೇಳೆಬಾತು ಬಂತು. "ಊಟ ಆದಮೇಲೆ ಹೇಳ್ತೀನಿ ಇರು" ಅಂದೆ. ಊಟ ಆದಮೇಲೆ ಹುಡುಕಿದರೆ ಆಸಾಮಿ ನಾಪತ್ತೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಅವನನ್ನು ಬಲ್ಲವರು ಯಾರಾದರೂ ಇದ್ದರೆ ತೋರಿಸಿ.

ಊರಲ್ಲಿರುವವರಿಗಾಗಿ ಮೊದಲು ಇದು ಏನು ಅಂತ ಹೇಳಿಬಿಡುತ್ತೇನೆ. ಬ್ರಿಟನ್ ಸರ್ಕಾರದ ಉಳಿತಾಯ ಸಂಸ್ಥೆ ಇದೆ, ಎನ್‌ಎಸ್ ಅಂಡ್ ಐ ಅಂತ. ಅಲ್ಲಿ ದುಡ್ಡು ಹಾಕಿದರೆ ಪ್ರತಿ ಒಂದು ಪೌಂಡಿಗೆ ಒಂದು ಬಾಂಡ್, ಅದಕ್ಕೊಂದು ನಂಬರ್. ಕನಿಷ್ಠ 25 ಪೌಂಡ್ ಹಾಕಬೇಕು, 50,000ಕ್ಕಿಂತ ಜಾಸ್ತಿ ಇಡೋ ಹಾಗಿಲ್ಲ. ಬಡ್ಡಿ ಕೊಡುವುದಿಲ್ಲ. ಒಂದು ಪೈಸೆಯೂ ಇಲ್ಲ. ಬದಲಿಗೆ ಎಲ್ಲರಿಗೂ ಸೇರಬೇಕಾದ ಬಡ್ಡಿಯನ್ನು ಒಂದು ಹುಂಡಿಗೆ ಸುರಿದು, ತಿಂಗಳಿಗೊಮ್ಮೆ ಡ್ರಾ ಎತ್ತಿ ಹಂಚುತ್ತಾರೆ. ಚಿಕ್ಕ ಬಹುಮಾನ 25 ಪೌಂಡ್, ದೊಡ್ಡದು ಹತ್ತು ಲಕ್ಷ ಪೌಂಡ್. ದೊಡ್ಡದು ತಿಂಗಳಿಗೆ ಇಬ್ಬರಿಗೆ. ಗೆದ್ದ ದುಡ್ಡಿಗೆ ಇಲ್ಲಿ ತೆರಿಗೆ ಇಲ್ಲ. ಹಾಕಿದ ದುಡ್ಡು ಯಾವಾಗ ಬೇಕಾದರೂ ವಾಪಸ್ ತಗೊಳ್ಳಬಹುದು, ಅದಕ್ಕೆ ಸರ್ಕಾರದ ಖಜಾನೆಯೇ ಪೂರ್ತಿ ಹೊಣೆ.

ಇದನ್ನು ಅಮ್ಮನಿಗೆ ಫೋನಿನಲ್ಲಿ ವಿವರಿಸಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ. "ಬಡ್ಡಿ ಕೊಡಲ್ಲ ಅಂದ್ರೆ ಅದು ಯಾವ ಸೀಮೆ ಉಳಿತಾಯನೋ?" ತಿಪಟೂರಿನಲ್ಲಿ ಮೂವತ್ತು ವರ್ಷ ಚೀಟಿ ಕಟ್ಟಿದ ಹೆಂಗಸು. ಇಪ್ಪತ್ತು ಜನ ಸೇರಿ ಚೀಟಿ ಹಾಕಿದರೆ ಯಾರು ಯಾವ ತಿಂಗಳು ಎಷ್ಟಕ್ಕೆ ಕೂಗಿದರು, ಕೂಗಿ ಬಿಟ್ಟ ದುಡ್ಡು ಯಾರಿಗೆ ಹಂಚಿಹೋಯಿತು, ಕೊನೆಯಲ್ಲಿ ಎತ್ತಿದವರಿಗೆ ಏನು ಲಾಭ, ಎಲ್ಲ ಬಾಯಲ್ಲೇ ಲೆಕ್ಕ ಹಾಕುತ್ತಿದ್ದರು. ಅವರ ಪ್ರಶ್ನೆಯಲ್ಲೇ ಇಡೀ ವಿಷಯ ಇದೆ. ಅಸಲು ಹೋಗಲ್ಲ ಅನ್ನುವುದು ನಿಜ. ಹೋಗುವುದು ಬಡ್ಡಿ. ಅದೇ ನಮ್ಮ ಟಿಕೆಟ್ಟಿನ ರೇಟು, ಜೇಬಿನಿಂದ ತೆಗೆದು ಕೊಡುವುದಿಲ್ಲವಾದ್ದರಿಂದ ಕಣ್ಣಿಗೆ ಬೀಳುವುದಿಲ್ಲ ಅಷ್ಟೆ.

ಈಗ ಆ ಹುಡುಗನ 4,000 ಪೌಂಡ್ ಲೆಕ್ಕ ಹಾಕೋಣ. 2025ರ ಆಗಸ್ಟ್‌ನಲ್ಲಿ ಇದ್ದ ದರವನ್ನೇ ಹಿಡಿಯೋಣ. ಆಗ ಬಹುಮಾನದ ದರ, ಅಂದರೆ ಎಲ್ಲರೂ ಇಟ್ಟ ದುಡ್ಡಿನಲ್ಲಿ ವರ್ಷಕ್ಕೆ ಹುಂಡಿಗೆ ಬೀಳುವ ಪಾಲು, 3.60% ಇತ್ತು. ಒಂದು ಬಾಂಡ್ ಒಂದು ತಿಂಗಳಲ್ಲಿ ಏನಾದರೂ ಗೆಲ್ಲುವ ಸಾಧ್ಯತೆ 22,000ದಲ್ಲಿ ಒಂದು ಇತ್ತು. 4,000 ಬಾಂಡ್ ಇದ್ದರೆ ವರ್ಷಕ್ಕೆ ಸರಾಸರಿ ಎರಡು ಸಲ ಹೊಡೆಯುತ್ತದೆ. ಆ ಎರಡೂ ಹೆಚ್ಚುಕಡಿಮೆ 25, 50, ಇಲ್ಲ 100 ಪೌಂಡಿನದೇ ಆಗಿರುತ್ತವೆ, ಯಾಕೆಂದರೆ ಹಂಚುವ ಬಹುಮಾನಗಳಲ್ಲಿ ಹತ್ತಿರ ಹತ್ತಿರ ಎಲ್ಲವೂ ಅವೇ. ಅಂದರೆ ವರ್ಷಕ್ಕೆ ನೂರು ಪೌಂಡಿನ ಆಸುಪಾಸು. ಒಂಬತ್ತು ಜನ ಹೀಗೆ 4,000 ಇಟ್ಟರೆ ಅವರಲ್ಲಿ ಒಬ್ಬರಿಗೆ ವರ್ಷಪೂರ್ತಿ ಏನೂ ಬರುವುದಿಲ್ಲ. ಅದೇ ದುಡ್ಡು ಸುಮ್ನೆ 4% ಕೊಡುವ ಉಳಿತಾಯ ಖಾತೆಯಲ್ಲಿ ಬಿದ್ದಿದ್ದರೆ 160 ಪೌಂಡ್. ಅದೃಷ್ಟ ಬೇಡ, ಆ್ಯಪ್ ತೆಗೆದು ನೋಡುವುದೂ ಬೇಡ.

ಹಾಗಾದರೆ 3.60% ಅಂತ ಬರೆದಿದ್ದು ಸುಳ್ಳಾ? ಸುಳ್ಳಲ್ಲ, ಸರಾಸರಿ. ಈ ಸರಾಸರಿಯಲ್ಲೇ ತುಂಬಾ ಜನ ಎಡವುತ್ತಾರೆ. ಹುಂಡಿಯ ದುಡ್ಡಿನಲ್ಲಿ ಐದರಲ್ಲಿ ನಾಲ್ಕು ಪಾಲು ಮಾತ್ರ ಈ ಸಣ್ಣ ಬಹುಮಾನಗಳಿಗೆ ಹೋಗುತ್ತದೆ. ಉಳಿದ ಒಂದು ಪಾಲು 500ರಿಂದ ಹಿಡಿದು ಮಿಲಿಯನ್‌ವರೆಗಿನ ಬಹುಮಾನಗಳಿಗೆ, ಅಂದರೆ ಬೆರಳೆಣಿಕೆಯ ಜನಕ್ಕೆ. ನೀವು ಆ ಬೆರಳೆಣಿಕೆಯಲ್ಲಿ ಇಲ್ಲದಿದ್ದರೆ, ಇರುವುದಿಲ್ಲ ಅಂತಲೇ ಇಟ್ಟುಕೊಳ್ಳಿ, ನಿಮಗೆ ಸಿಗುವ ದರ 3%ಗಿಂತ ಕೆಳಗೆ. ಇಡೀ 50,000 ತುಂಬಿದವರಿಗೂ ಅಷ್ಟೇ. ಆ ದರದಲ್ಲಿ ಕಾಗದದ ಮೇಲೆ ವರ್ಷಕ್ಕೆ 1,800, ಕೈಗೆ ಬರುವುದು 1,450ರ ಆಜುಬಾಜು.

25 ಪೌಂಡ್ ಮಾತ್ರ ಹಾಕಿ ಕಾಯುತ್ತಿರುವವರೂ ಇದ್ದಾರೆ. ಇದೇ ಲೆಕ್ಕದ ಪ್ರಕಾರ ಅವರಿಗೆ ಸರಾಸರಿ 73 ವರ್ಷಕ್ಕೊಮ್ಮೆ ಒಂದು ಬಹುಮಾನ. ಅದೂ ಬಹುಪಾಲು 25ರಿಂದ 100 ಪೌಂಡಿನ ಒಳಗೆ.

ಮಿಲಿಯನ್ ಬಗ್ಗೆ ಹೇಳದೇ ಇದ್ದರೆ ಯಾರೂ ಬಿಡಲ್ಲ. ಈ ಬಾಂಡುಗಳಲ್ಲಿ ಈಗ ಸುಮಾರು 13,000 ಕೋಟಿ ಪೌಂಡ್ ಇದೆ, ಇಟ್ಟವರು ಎರಡು ಕೋಟಿಗೂ ಜಾಸ್ತಿ. ನೀವು 50,000 ತುಂಬಿದರೂ ಆ ದೊಡ್ಡ ಬಹುಮಾನ ಒಮ್ಮೆ ಬರಬೇಕಾದರೆ ಸರಾಸರಿ ಒಂದು ಲಕ್ಷ ವರ್ಷ ಕಾಯಬೇಕು. ನಮ್ಮ ಹುಡುಗ ತನ್ನ 4,000 ಇಟ್ಟುಕೊಂಡು ಹದಿಮೂರೂವರೆ ಲಕ್ಷ ವರ್ಷ ಕಾಯಬೇಕು. ವೀಸಾ ಅಷ್ಟು ದಿನ ಕೊಡಲ್ಲ. ಆದರೂ 2004ರಲ್ಲಿ ಲಂಡನ್ನಿನ ನ್ಯೂಹ್ಯಾಮ್‌ನ ಒಬ್ಬ ಮಹಿಳೆಗೆ ಬರೀ 17 ಪೌಂಡ್ ಬಾಂಡಿಗೆ ಮಿಲಿಯನ್ ಹೊಡೆಯಿತು. 1959ರಲ್ಲಿ ಕೊಂಡಿದ್ದ ಬಾಂಡ್ ಅದು. ಈ ಕಥೆ ಇಲ್ಲಿ ಎಲ್ಲರ ಬಾಯಲ್ಲೂ ಇದೆ, ಗೆಲ್ಲದೇ ಇದ್ದ ಕೋಟಿಗಟ್ಟಲೆ 17 ಪೌಂಡುಗಳ ಕಥೆ ಯಾರ ಬಾಯಲ್ಲೂ ಇಲ್ಲ.

ಇಷ್ಟೆಲ್ಲ ಬೈದರೂ ಈ ಯೋಜನೆಯ ಹುಟ್ಟಿನ ಕಥೆ ನನಗೆ ಇಷ್ಟ. 1956ರಲ್ಲಿ ಹಣಕಾಸು ಮಂತ್ರಿಯಾಗಿದ್ದ ಹೆರಾಲ್ಡ್ ಮ್ಯಾಕ್‌ಮಿಲನ್ ಬಜೆಟ್‌ನಲ್ಲಿ ಇದನ್ನು ಘೋಷಿಸಿದರು. ಯುದ್ಧ ಮುಗಿದು ಹತ್ತು ವರ್ಷ ಆಗಿತ್ತು, ಬೆಲೆ ಏರುತ್ತಿತ್ತು, ಜನ ಖರ್ಚು ಕಡಿಮೆ ಮಾಡಿ ಉಳಿಸಲಿ ಅನ್ನುವುದು ಸರ್ಕಾರದ ಲೆಕ್ಕಾಚಾರ. ವಿರೋಧ ಪಕ್ಷದ ಹೆರಾಲ್ಡ್ ವಿಲ್ಸನ್ ಇದನ್ನು ಹೊಲಸು ಲಾಟರಿ ಅಂತ ಜರಿದರು, ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪರೂ ಮುನಿಸಿಕೊಂಡರು. 1957ರ ಜೂನ್ 1ರಂದು ಮೊದಲ ಡ್ರಾ. ಆಗ ದೊಡ್ಡ ಬಹುಮಾನ 1,000 ಪೌಂಡ್. ನಂಬರ್ ಎತ್ತಲು ಎರ್ನಿ ಅನ್ನುವ ಯಂತ್ರ ಕಟ್ಟಿದರು. ಕಟ್ಟಿದವರಲ್ಲಿ ಯುದ್ಧಕಾಲದಲ್ಲಿ ಜರ್ಮನ್ನರ ಗುಪ್ತ ಸಂದೇಶ ಒಡೆಯಲು ಕೊಲೊಸಸ್ ಯಂತ್ರ ತಯಾರಿಸಿದ್ದ ಅಂಚೆ ಇಲಾಖೆಯ ಎಂಜಿನಿಯರುಗಳೇ ಇದ್ದರು. ನಿಯಾನ್ ಕೊಳವೆಯೊಳಗಿನ ವಿದ್ಯುತ್ತಿನ ಅಡ್ಡಾದಿಡ್ಡಿ ಏರಿಳಿತದಿಂದ ಅದು ನಂಬರ್ ಹುಟ್ಟಿಸುತ್ತಿತ್ತು. ಆ ಮೊದಲನೆಯ ಎರ್ನಿ ಈಗ ಲಂಡನ್ನಿನ ಸೈನ್ಸ್ ಮ್ಯೂಸಿಯಮ್ಮಿನ ಸಂಗ್ರಹದಲ್ಲಿದೆ. ಈಗಿನದು ಐದನೇ ಎರ್ನಿ, 2019ರಿಂದ ಇದೆ, ಹಿಂದಿನದಕ್ಕೆ ಒಂಬತ್ತು ಗಂಟೆ ಹಿಡಿಯುತ್ತಿದ್ದ ಕೆಲಸವನ್ನು ಹನ್ನೆರಡು ನಿಮಿಷದಲ್ಲಿ ಮುಗಿಸಿತು. ನಂಬರುಗಳು ನಿಜವಾಗಿ ಎರ್ರಾಬಿರ್ರಿಯಾಗಿವೆಯಾ ಅಂತ ಸರ್ಕಾರದ ಬೇರೆ ಇಲಾಖೆಯೊಂದು ತಿಂಗಳು ತಿಂಗಳೂ ಪರೀಕ್ಷಿಸುತ್ತದೆ.

ಹಾಗಾಗಿ ಮೋಸ ಅನ್ನುವ ಮಾತೇ ಬೇಡ. ಇದು ನನಗೆ ದೊಡ್ಡ ವಿಷಯ. ನಮ್ಮ ಕಡೆ ಲಕ್ಕಿ ಸ್ಕೀಮ್ ಅಂತ ತಿಂಗಳಿಗಿಷ್ಟು ಕಟ್ಟಿಸಿಕೊಂಡು, ನಾಲ್ಕು ತಿಂಗಳು ಮಿಕ್ಸಿ, ಕುಕ್ಕರ್ ಕೊಟ್ಟು, ಐದನೇ ತಿಂಗಳು ಅಂಗಡಿಗೆ ಬೀಗ ಹಾಕಿ ಹೋದವರನ್ನು ನೋಡಿದ್ದೇನೆ. ಅದಕ್ಕೂ ಮುಂಚೆ ಬಸ್ ಸ್ಟ್ಯಾಂಡಿನ ಹತ್ತಿರ ಸಾಲಾಗಿ ಲಾಟರಿ ಅಂಗಡಿ. ದಿನಗೂಲಿಯವರು ಬಂದ ಕೂಲಿಯನ್ನೆಲ್ಲ ಒಂದಂಕಿ ಲಾಟರಿಗೆ ಸುರಿದು ಮನೆಗೆ ಬರಿಗೈಯಲ್ಲಿ ಹೋಗುತ್ತಿದ್ದ ಕಾಲ. 2007ರಲ್ಲಿ ಕರ್ನಾಟಕದಲ್ಲಿ ಲಾಟರಿ ನಿಂತಾಗ ನಮ್ಮ ಬೀದಿಯ ಹೆಂಗಸರು ಹಬ್ಬದ ಹಾಗೆ ಸಂಭ್ರಮಪಟ್ಟರು. ಅದರ ಪಕ್ಕದಲ್ಲಿಟ್ಟು ನೋಡಿದರೆ ಈ ಬಾಂಡ್ ಸಾಧು ಪ್ರಾಣಿ. ಲಾಟರಿ ಚಟ ಇರುವವನು ಟಿಕೆಟ್ ಬಿಟ್ಟು ಇಲ್ಲಿ ಹಾಕಿದರೆ ನಾನು ಕೈ ಮುಗಿಯುತ್ತೇನೆ. ಆದರೆ ಆ ಹುಡುಗನಿಗೆ ಲಾಟರಿ ಚಟ ಇಲ್ಲ, ಅವನು ಉಳಿತಾಯ ಅಂದುಕೊಂಡು ಹಾಕಲು ಹೊರಟಿದ್ದಾನೆ.

ಯಾರಿಗೆ ಇದು ನಿಜವಾಗಿ ಒಳ್ಳೆಯದು ಅನ್ನುವುದಕ್ಕೂ ಉತ್ತರ ಇದೆ. ತೆರಿಗೆ ಜಾಸ್ತಿ ಕಟ್ಟುವವರಿಗೆ. ಇಲ್ಲಿ 20% ತೆರಿಗೆ ಕಟ್ಟುವವರಿಗೆ ವರ್ಷಕ್ಕೆ 1,000 ಪೌಂಡ್ ಬಡ್ಡಿಯವರೆಗೆ ತೆರಿಗೆ ಇಲ್ಲ. 40% ಕಟ್ಟುವವರಿಗೆ ಅದು 500, 45%ನವರಿಗೆ ಸೊನ್ನೆ. 50,000 ಪೌಂಡನ್ನು 4% ಖಾತೆಯಲ್ಲಿಟ್ಟರೆ 2,000 ಬಡ್ಡಿ. ಬೇರೆ ಬಡ್ಡಿ ಏನೂ ಇಲ್ಲ ಅಂದುಕೊಂಡರೆ 20%ನವರ ಕೈಗೆ 1,800 ಸೇರುತ್ತದೆ, 40%ನವರಿಗೆ 1,400, 45%ನವರಿಗೆ 1,100. ಬಾಂಡಿನಿಂದ ಬರುವುದು 1,450ರ ಹತ್ತಿರ ಅಂದೆನಲ್ಲ. ಈಗ ಹೇಳಿ, ಯಾರಿಗೆ ಅನುಕೂಲ? ಅದೂ ಐಸಾ ಖಾತೆಯ 20,000 ಪೌಂಡಿನ ಮಿತಿಯನ್ನು ತುಂಬಿಸಿ ಆದಮೇಲಿನ ಮಾತು, ಯಾಕೆಂದರೆ ಐಸಾದಲ್ಲಿ ಬಡ್ಡಿಯೂ ಬರುತ್ತದೆ, ತೆರಿಗೆಯೂ ಇಲ್ಲ. ಅಷ್ಟು ದುಡ್ಡು ಇರುವವರು ಬಿಸಿಬೇಳೆಬಾತಿನ ಸಾಲಿನಲ್ಲಿ ನನ್ನನ್ನು ಕೇಳುವುದಿಲ್ಲ ಬಿಡಿ.

ಇನ್ನೊಂದು ವಿಷಯ, ಬೆಲೆ ಏರಿಕೆ. 2022ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನಲ್ಲಿ ಬೆಲೆ ಏರಿಕೆ 11.1% ಮುಟ್ಟಿತ್ತು. ಆ ತಿಂಗಳು ಬಾಂಡಿನ ಬಹುಮಾನದ ದರ 2.2%. ಅಸಲು ಎಲ್ಲೂ ಹೋಗಿರಲಿಲ್ಲ, ಇದ್ದಲ್ಲೇ ಸೊರಗುತ್ತಿತ್ತು. 2023ರ ಸೆಪ್ಟೆಂಬರ್‌ನಲ್ಲಿ ದರ 4.65%ಗೆ ಏರಿತು, ಎಲ್ಲರೂ ಮುಗಿಬಿದ್ದು ಹಾಕಿದರು. ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಾ ಬಂತು. ಹಾಕಿದವರು ಇಳಿದದ್ದನ್ನು ಗಮನಿಸುವುದಿಲ್ಲ. ಬ್ಯಾಂಕು ಬಡ್ಡಿ ಇಳಿಸಿದರೆ ಜಗಳಕ್ಕೆ ಹೋಗುವ ಜನ ಇಲ್ಲಿ "ಈ ತಿಂಗಳು ನಮ್ಮ ಅದೃಷ್ಟ ಸರಿಯಿಲ್ಲ" ಅಂತ ಸುಮ್ಮನಾಗುತ್ತಾರೆ. ನನ್ನ ಪ್ರಕಾರ ಸರ್ಕಾರಕ್ಕೆ ಇದಕ್ಕಿಂತ ಆರಾಮದ ಸಾಲ ಇನ್ನೊಂದಿಲ್ಲ.

ಹಳೆ ಬಾಂಡಿಗೆ ಹೊಡೆಯಲ್ಲ, ಮಾರಿ ಹೊಸದು ತಗೊಳ್ಳಿ ಅಂತ ಸಲಹೆ ಕೊಡುವ ಪಂಡಿತರಿಗೂ ಒಂದು ಮಾತು. ಗೆಲ್ಲುವವು ಹೊಸ ಬಾಂಡುಗಳೇ ಜಾಸ್ತಿ, ಯಾಕೆಂದರೆ ಇರುವುದೇ ಹೊಸವು ಜಾಸ್ತಿ. ಮಾರಿ ಮತ್ತೆ ಕೊಂಡರೆ ಒಂದು ಪೂರ್ತಿ ತಿಂಗಳು ಕಳೆಯುವ ತನಕ ಡ್ರಾಗೆ ಸೇರಿಸುವುದೂ ಇಲ್ಲ. ಇದ್ದ ಅವಕಾಶವೂ ಹೋಯಿತು.

ನಮ್ಮವರು ಮರೆಯುವ ವಿಷಯ ಒಂದಿದೆ. ಇಲ್ಲಿ ತೆರಿಗೆ ಇಲ್ಲ ಅಂದರೆ ಎಲ್ಲೂ ಇಲ್ಲ ಅಂತಲ್ಲ. ಬಾಂಡ್ ಇಟ್ಟುಕೊಂಡೇ ಬೆಂಗಳೂರಿಗೆ ವಾಪಸ್ ಹೋಗಿ ನೆಲೆಸಿದ ಮೇಲೆ ಭಾರತದ ಆದಾಯ ತೆರಿಗೆಗೆ ಬ್ರಿಟನ್ನಿನ ವಿನಾಯಿತಿ ಲೆಕ್ಕಕ್ಕಿಲ್ಲ. ಹೊರಡುವ ಮುಂಚೆ ಒಬ್ಬ ಒಳ್ಳೆ ಆಡಿಟರ್ ಹತ್ತಿರ ಕೂತು ಮಾತಾಡಿ. ಮನೆ ಬದಲಾಯಿಸಿದಾಗ ವಿಳಾಸವನ್ನೂ ಬದಲಾಯಿಸಿ. ಯಾರೂ ಕೇಳದೆ ಹಾಗೇ ಬಿದ್ದಿರುವ ಬಹುಮಾನಗಳು ಲಕ್ಷಗಟ್ಟಲೆ ಇವೆ. ಅವಕ್ಕೆ ಅವಧಿ ಮುಗಿಯುವುದಿಲ್ಲ, ಹಳಬರು ಒಮ್ಮೆ ಹುಡುಕಿ ನೋಡಿ.

ಈಗ "ಇಷ್ಟು ಮಾತಾಡುವ ನೀವ್ಯಾಕೆ ಇಟ್ಟಿದೀರಿ" ಅಂತ ಕೇಳುತ್ತೀರಿ. ಇಟ್ಟಿದ್ದೇನೆ, 10,000. ಕಳೆದ ಹನ್ನೆರಡು ತಿಂಗಳಲ್ಲಿ 25 ಮೂರು ಸಲ, 50 ಒಂದು ಸಲ, 100 ಒಂದು ಸಲ. ಒಟ್ಟು 225. ಐಸಾದಲ್ಲಿ ಇಟ್ಟಿದ್ದರೆ 400 ಬರುತ್ತಿತ್ತು. ಅಂದರೆ ಪ್ರತಿ ತಿಂಗಳ ಮೊದಲ ವಾರ ಮಗಳ ಜೊತೆ ಕೂತು ಆ್ಯಪ್ ತೆರೆಯುವ ಖುಷಿಗೆ ವರ್ಷಕ್ಕೆ 175 ಪೌಂಡ್ ಕೊಟ್ಟಿದ್ದೇನೆ. ಹೆಂಡತಿ ಇದನ್ನು ಓದುವ ತನಕ ಈ ಲೆಕ್ಕ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ತಮ್ಮಾ, ನೀನು ಎಲ್ಲಿದ್ದೀಯೋ ಗೊತ್ತಿಲ್ಲ. ಕ್ರೆಡಿಟ್ ಕಾರ್ಡ್ ಬಾಕಿ ಇದ್ದರೆ ಮೊದಲು ಅದನ್ನು ತೀರಿಸು. ಉಳಿದದ್ದನ್ನು ಬೇಕಾದಾಗ ತೆಗೆಯೋ ಹಾಗೆ ಐಸಾದಲ್ಲಿ ಇಡು. ಆಫೀಸಿನವರ ಜೊತೆ ಮಾತಿಗೆ ಬೇಕು ಅನ್ನಿಸಿದರೆ ಒಂದು ನೂರು ಪೌಂಡ್ ಬಾಂಡಿಗೆ ಹಾಕು, ಹಾಕಿ ಮರೆತುಬಿಡು. ಮುಂದಿನ ಸಲ ಸಿಕ್ಕಿದರೆ ಊಟಕ್ಕೆ ಮುಂಚೆಯೇ ಹಿಡಿ ನನ್ನನ್ನ, ಪಲ್ಯ ಬಂದಮೇಲೆ ನನಗೆ ಲೆಕ್ಕ ಹತ್ತುವುದಿಲ್ಲ.