ಪರದೆ ಕಿತ್ತು ನೋಡಿದರೆ ಅದೇ ಹಳೇ ಆಟ

ಅಮ್ಯೂಸ್‌ಮೆಂಟ್ ಪಾರ್ಕಿನ ಬೋರ್ಡ್‌ವಾಕ್ (ಆಟದ ಸ್ಟಾಲುಗಳ ಸಾಲಿರೋ ನಡಿಗೆ ದಾರಿ) ಉದ್ದಕ್ಕೂ ಒಂದು ಕಡೆ ಕಡಲ್ಗಳ್ಳರ ಹಡಗು, ಪಕ್ಕದಲ್ಲೇ ಬಾಹ್ಯಾಕಾಶ, ಅದರಾಚೆ ಡೈನೋಸಾರ್ ಕಾಡು. ಹಿಂದಿನ ಪರದೆಗಳನ್ನು ಮನಸ್ಸಿನಲ್ಲೇ ಕಿತ್ತುಹಾಕಿ. ಉಳಿಯೋದು ರಿಂಗ್ ಎಸೆಯೋದು, ಬಾಟಲಿ ಬೀಳಿಸೋದು, ಚೆಂಡು ಹಾಕೋದು, ಬಲೂನು ಒಡೆಯೋದು, ಇಷ್ಟೇ. ಹಾಗಂತ ಥೀಮ್ ಬರೀ ಅಲಂಕಾರ ಅಂದುಕೊಂಡರೆ ತಪ್ಪು. ನನ್ನ ಪ್ರಕಾರ ಅದೂ ಆಟದ ಒಂದು ಬಿಡಿಭಾಗವೇ. ಅಳತೆ ಮರೆಸೋದು ಅದರ ಕೆಲಸ.

ಬ್ಯಾಸ್ಕೆಟ್‌ಬಾಲ್ ಸ್ಟಾಲನ್ನೇ ತಗೊಳ್ಳಿ. ನಿಯಮದ ರಿಂಗಿನ ಒಳವ್ಯಾಸ 18 ಇಂಚು, ಎತ್ತರ 10 ಅಡಿ, ಚೆಂಡಿನ ವ್ಯಾಸ ಸುಮಾರು ಒಂಬತ್ತೂವರೆ ಇಂಚು. ಸ್ಟಾಲಿನ ರಿಂಗು ಎಷ್ಟೋ ಕಡೆ ಇದಕ್ಕಿಂತ ಚಿಕ್ಕದು, ಎತ್ತರವೂ ಜಾಸ್ತಿ. ಕೆಲವು ಕಡೆ ಅದನ್ನು ಹಿಂದೆಮುಂದೆ ಒತ್ತಿ ಮೊಟ್ಟೆಯಾಕಾರ ಮಾಡಿರ್ತಾರೆ. ಎದುರಿನಿಂದ ನೋಡಿದರೆ ಅಗಲ ಸರಿಯಾಗೇ ಕಾಣುತ್ತೆ, ಕಡಿಮೆಯಾಗಿರೋದು ಆಳ. ಅದಕ್ಕೇ ದುಡ್ಡು ಕೊಡೋ ಮೊದಲು ಸ್ಟಾಲಿನ ಪಕ್ಕಕ್ಕೆ ಹೋಗಿ ನಿಂತು ರಿಂಗು ನೋಡಿ. ಚೆಂಡನ್ನೂ ಒತ್ತಿ ನೋಡಿ. ಗಾಳಿ ಬಿಗಿಯಾಗಿದ್ದರೆ ಅಂಚಿಗೆ ತಾಗಿದ ಕೂಡಲೇ ಪುಟಿದು ಆಚೆ ಬರುತ್ತೆ. ಇನ್ನು ಹಲಗೆಯ ಮೇಲೆ ಶಾರ್ಕಿನ ಬಾಯಿ ಬರೆದಿದ್ದಾರೆ ಅಂದ್ಕೊಳ್ಳಿ. ಗುರಿಗೆ ಆಧಾರವಾಗೋ ಆ ಬಿಳಿ ಚೌಕ ಅಲ್ಲಿರೋದಿಲ್ಲ. ಹದಿನೈದು ಅಡಿಯಿಂದ ಫ್ರೀ ಥ್ರೋ ಹಾಕಿ ಪಳಗಿದ ಕೈಯೂ ಅಲ್ಲಿ ತಪ್ಪುತ್ತೆ. ಮಾಮೂಲಿಗಿಂತ ಎತ್ತರವಾಗಿ ಎಸೆಯೋದೊಂದೇ ದಾರಿ.

ಬಾಟಲಿ ಆಟದಲ್ಲಿ ಕೆಳಗೆರಡು, ಮೇಲೊಂದು. ಎಲ್ಲದರ ತೂಕ ಒಂದೇ ಅಲ್ಲ, ಕೆಳಗಿನವು ಭಾರ. ಇನ್ನೂ ಸೂಕ್ಷ್ಮದ ವಿಷಯ ಜೋಡಿಸೋ ರೀತಿ. ಕೆಳಗಿನ ಎರಡರಲ್ಲಿ ಒಂದು ಬೆರಳಗಲ ಮುಂದಿದ್ದರೂ ಸಾಕು, ಚೆಂಡಿನ ರಭಸವೆಲ್ಲ ಅದಕ್ಕೇ ಖರ್ಚಾಗಿ ಹಿಂದಿನದು ಅಲ್ಲಾಡಿ ನಿಲ್ಲುತ್ತೆ. ಎರಡೂ ಒಂದೇ ಗೆರೆಯಲ್ಲಿವೆಯಾ ನೋಡಿಕೊಂಡು ಅವು ಕೂಡೋ ಜಾಗಕ್ಕೆ, ಆದಷ್ಟು ಕೆಳಗೆ ಹೊಡೀರಿ. ಮೇಲಿನದು ತಾನಾಗೇ ಉರುಳುತ್ತೆ. ಬಾಟಲಿ ಅಡ್ಡ ಬಿದ್ದರೆ ಸಾಕಾ, ಪೀಠದಿಂದಲೇ ಕೆಳಗೆ ಬೀಳಬೇಕಾ ಅಂತ ಮೊದಲೇ ಕೇಳಿ. ಜಗಳಗಳಲ್ಲಿ ಮುಕ್ಕಾಲು ಪಾಲು ಶುರುವಾಗೋದು ಇಲ್ಲೇ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಬಿಲ್ಲೆ ಆಟ. ಒಂದು ದೊಡ್ಡ ಕೆಂಪು ವೃತ್ತವನ್ನು ಐದು ತಗಡಿನ ಬಿಲ್ಲೆಗಳಿಂದ ಪೂರ್ತಿ ಮುಚ್ಚಬೇಕು, ಇಟ್ಟ ಬಿಲ್ಲೆಯನ್ನು ಸರಿಸೋ ಹಾಗಿಲ್ಲ. ಥೀಮ್ ಹಚ್ಚಿದರೆ ವೃತ್ತ ಚಂದ್ರನಾಗುತ್ತೆ, ಇಲ್ಲಾ ಹಡಗಿನ ಕಿಟಕಿಯಾಗುತ್ತೆ. ಇದರ ಹಿಂದೆ ನಿಜವಾದ ಗಣಿತ ಇದೆ. ವೃತ್ತದ ವ್ಯಾಸ 10 ಇಂಚು ಅಂದ್ಕೊಳ್ಳಿ. ಐದು ಬಿಲ್ಲೆಗಳ ಅಂಚೂ ನಡುಬಿಂದುವಿನಲ್ಲಿ ಕೂಡೋ ಹಾಗೆ, ಹೂವಿನ ಎಸಳಿನಂತೆ ಜೋಡಿಸಿದರೆ, ಒಂದೊಂದೂ ಕನಿಷ್ಠ 6.18 ಇಂಚು ಇರಬೇಕು. ಆದರೆ 1915ರಲ್ಲಿ ನೆವಿಲ್ ಅನ್ನೋ ಗಣಿತಜ್ಞ ಬೇರೆ ಜೋಡಣೆ ತೋರಿಸಿದ. ನೋಡಲು ಸೊಟ್ಟ, ನಡುಬಿಂದುವಿನಲ್ಲಿ ಕೂಡೋದಿಲ್ಲ, ಆದರೆ ಸುಮಾರು 6.09 ಇಂಚಿನ ಬಿಲ್ಲೆ ಸಾಕು. ವ್ಯತ್ಯಾಸ ಒಂದು ಇಂಚಿನ ಹತ್ತನೇ ಒಂದು ಭಾಗವೂ ಇಲ್ಲ! ಬಿಲ್ಲೆ ಈ ಎರಡು ಅಳತೆಗಳ ನಡುವೆ ಇದ್ದರೆ ಚೆಂದವಾಗಿ ಎಸಳು ಜೋಡಿಸಿದವರೆಲ್ಲ ಸೋಲ್ತಾರೆ, ಎಲ್ಲೋ ಒಂದು ಕಡೆ ಉಗುರಂಚಿನಷ್ಟು ಕೆಂಪು ಇಣುಕುತ್ತೆ. ಮೋಸ ಏನೂ ಇಲ್ಲ, ಆದರೆ ಕಣ್ಣಳತೆಗೆ ಸಿಗೋ ಆಟವೂ ಅಲ್ಲ.

ಹಗ್ಗದ ಏಣಿ ಹತ್ತೋ ಆಟದ್ದೂ ಹೀಗೇ. ಎರಡೂ ತುದಿಗಳನ್ನು ಒಂದೊಂದೇ ಬಿಂದುವಿಗೆ, ತಿರುಗೋ ಕೊಂಡಿಗೆ ಕಟ್ಟಿರ್ತಾರೆ. ಮೈಭಾರ ನಡುಗೆರೆ ಬಿಟ್ಟು ಸ್ವಲ್ಪ ಸರಿದರೂ ಏಣಿ ಮಗುಚುತ್ತೆ. ಮೆಟ್ಟಿಲಿನ ನಡುವೆ ಕಾಲಿಡಬೇಡಿ. ಕೈಕಾಲೆಲ್ಲ ಎರಡು ಅಂಚಿನ ಹಗ್ಗಗಳ ಮೇಲೇ ಇರಲಿ. ಎಡಗೈ ಬಲಗಾಲು ಒಟ್ಟಿಗೆ, ಆಮೇಲೆ ಬಲಗೈ ಎಡಗಾಲು. ಸ್ಟಾಲಿನವನು ಲೀಲಾಜಾಲವಾಗಿ ಹತ್ತೋದು ದಿನಾ ಹತ್ತೋದರಿಂದ.

ರಿಂಗ್ ಎಸೆಯೋ ಆಟವನ್ನು ನಾನು ಯಾರಿಗೂ ಶಿಫಾರಸು ಮಾಡಲ್ಲ. ರಿಂಗಿನ ಒಳವ್ಯಾಸ ಬಾಟಲಿ ಕೊರಳಿಗಿಂತ ಕೂದಲೆಳೆ ಹೆಚ್ಚು, ಗಟ್ಟಿ ಪ್ಲಾಸ್ಟಿಕ್ಕು ಗಾಜಿಗೆ ತಾಗಿದರೆ ಹಾರುತ್ತೆ. ಅದು ಲಾಟರಿ. ಬಲೂನುಗಳಿಗೆ ಅರ್ಧ ಗಾಳಿ, ಡಾರ್ಟಿನ ಮೊನೆ ಮೊಂಡು. ಒಡೆದರೂ ಸಿಗೋದು ಅಂಗೈಯಗಲದ ಗೊಂಬೆ, ದೊಡ್ಡದಕ್ಕೆ ಇನ್ನೂ ನಾಲ್ಕು ಗೆಲ್ಲಿ ಅಂತಾರೆ. ಮೂಗಿಗೆ ತುಪ್ಪ.

ಗೊಂಬೆ ಬೇಕೇ ಬೇಕು ಅಂದರೆ ನೀರಿನ ಗನ್ ರೇಸಿಗೆ (ಎಲ್ಲರೂ ಒಟ್ಟಿಗೆ ಗುರಿಗೆ ನೀರು ಹೊಡೆಯೋ ಪೈಪೋಟಿ) ಕೂರಿ. ಅಲ್ಲಿ ಎದುರಾಳಿ ಸ್ಟಾಲಲ್ಲ, ಪಕ್ಕದವರು. ಪ್ರತಿ ಸುತ್ತಿನಲ್ಲೂ ಯಾರೋ ಒಬ್ಬರು ಗೆಲ್ಲಲೇಬೇಕು. ಹನ್ನೆರಡು ಜನ ಕೂತಾಗ ಹನ್ನೆರಡರಲ್ಲಿ ಒಂದು ಅವಕಾಶ, ಮೂರೇ ಜನ ಇದ್ದಾಗ ಮೂರರಲ್ಲೊಂದು. ಜನ ಕಮ್ಮಿ ಇರೋ ಹೊತ್ತು ನೋಡಿ ಹೋಗಿ, ಆದರೆ ಜನ ಕಮ್ಮಿಯಾದಂತೆ ಬಹುಮಾನವೂ ಚಿಕ್ಕದಾಗುತ್ತಾ ಕೇಳಿಕೊಳ್ಳಿ. ಗಂಟೆ ಹೊಡೆಯೋಕೆ ಮುಂಚೆಯೇ ನಳಿಕೆ ಗುರಿಗೆ ನೆಟ್ಟಿರಲಿ. ಮೊದಲ ಎರಡು ಸೆಕೆಂಡಿನಲ್ಲಿ ನೀರು ಆಚೀಚೆ ಹೋದರೆ ಆ ಸುತ್ತು ಹೋದ ಹಾಗೆಯೇ.

ಕೊನೆಯದಾಗಿ ಓರೆಯಾಗಿ ಕಟ್ಟಿದ ಬುಟ್ಟಿ, ನಿಧಿಯ ಪೆಟ್ಟಿಗೆ ಅಂತ ಬಣ್ಣ ಬಳಿದಿರೋದು. ಸ್ಟಾಲಿನವನು ಸಲೀಸಾಗಿ ಚೆಂಡು ಹಾಕಿ ತೋರಿಸುವಾಗ ಒಳಗೆ ಮೊದಲೇ ಒಂದು ಚೆಂಡು ಇದೆಯಾ ಗಮನಿಸಿ. ಬುಟ್ಟಿಯ ತಳ ಸ್ಪ್ರಿಂಗಿನ ಹಾಗೆ ಪುಟಿಸುತ್ತೆ, ಒಳಗಿರೋ ಚೆಂಡು ಆ ಪುಟಿತ ನುಂಗುತ್ತೆ. ನಿಮ್ಮ ಸರದಿಗೆ ಅವನು ಅದನ್ನು ಎತ್ತಿಕೊಂಡಿರ್ತಾನೆ. ಬುಟ್ಟಿ ಖಾಲಿ ಮಾಡಿ, ನಮ್ಮ ಕಡೆ ಬಂದು ನಿಂತು ಇನ್ನೊಂದು ಸಲ ಹಾಕಿ ಅಂತ ನಗುತ್ತಲೇ ಕೇಳಿ. ಹಾಕಿದರೆ ದುಡ್ಡು ತೆಗೀರಿ.